ಯುದ್ಧ ಕಾಣದ ಹೆಲಿಕಾಪ್ಟರ್ ಮೇಷ್ಟ್ರನ್ನು ಸನ್ಮಾನಿಸುವಾಗ ಏನು ಹೇಳಬೇಕು?

ಪ್ರಶ್ನೆ: ನಾನು ಯಲಹಂಕದ ಒಂದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ವಾಯುಪಡೆಯಿಂದ ನಿವೃತ್ತರಾದ ವಿಂಗ್ ಕಮಾಂಡರ್ ಒಬ್ಬರು ನಮ್ಮ ರಸ್ತೆಯಲ್ಲಿದ್ದಾರೆ. ಹೆಲಿಕಾಪ್ಟರ್ ಇನ್‌ಸ್ಟ್ರಕ್ಟರ್ ಆಗಿದ್ದವರು. ನಮ್ಮ ಕೆರೆ ಸ್ವಚ್ಛತೆಯ ಗುಂಪು ಕಟ್ಟಿದ್ದೇ ಅವರು. ಪಿಂಚಣಿ ಕಾಗದ ಹಿಡಿದುಕೊಂಡು ಮಾಜಿ ಸೈನಿಕರ ಮನೆಯವರು ಅವರ ಬಾಗಿಲಿಗೆ ಬರುತ್ತಲೇ ಇರುತ್ತಾರೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಅವರನ್ನು ಸನ್ಮಾನಿಸೋಣ ಎಂದುಕೊಂಡೆವು. ಕೇಳಿದರೆ, “ನಾನು ಯಾವ ಯುದ್ಧಾನೂ ಮಾಡಿಲ್ಲ, ಪಾಠ ಹೇಳಿಕೊಟ್ಟಿದ್ದೀನಿ ಅಷ್ಟೆ” ಅಂದರು. ಅಭಿನಂದನಾ ಭಾಷಣದಲ್ಲಿ ಏನು ಹೇಳಬೇಕೋ ತೋಚುತ್ತಿಲ್ಲ. ಇನ್ನೊಂದು ವಿಷಯ. ಸಂಘದ ಅಧ್ಯಕ್ಷರಾಗಿ ಅಂದರೆ ಒಪ್ಪುವುದಿಲ್ಲ, ಕೆಲಸವನ್ನೆಲ್ಲ ಹುಡುಗರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತಿರುತ್ತಾರೆ. ಜವಾಬ್ದಾರಿ ತಪ್ಪಿಸಿಕೊಳ್ಳುತ್ತಾರೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ನನ್ನ ಮಗಳು ಮೊದಲ ಪಿಯುಸಿಯಲ್ಲಿದ್ದಾಳೆ, ಅವರನ್ನು ನೋಡಿ ತಾನೂ ಹೆಲಿಕಾಪ್ಟರ್ ಹಾರಿಸಬೇಕು ಅನ್ನುತ್ತಾಳೆ. ಅವಳಿಗೂ ಒಂದು ಮಾತು ಹೇಳಿ.

ಉತ್ತರ: ನೀವು ಆಮೇಲೆ ಹೇಳಿದ ವಿಷಯದಿಂದಲೇ ಶುರು ಮಾಡುತ್ತೇನೆ. ಭಾಷಣಕ್ಕೆ ಬೇಕಾದದ್ದೂ ಅದರೊಳಗೇ ಇದೆ. ಕೆಲಸವನ್ನು ಬೇರೆಯವರ ಕೈಗೆ ಕೊಟ್ಟು ಪಕ್ಕದಲ್ಲಿ ಇರುವುದೇ ಹೆಲಿಕಾಪ್ಟರ್ ಇನ್‌ಸ್ಟ್ರಕ್ಟರ್‌ನ ಕಸುಬು. ಆಡಿಕೊಳ್ಳುವವರು ಒಮ್ಮೆ ಆ ಸೀಟಿನಲ್ಲಿ ಕೂತು ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ನಾನೂ ಅದೇ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಿಮಾನವನ್ನು ಸರಿಯಾಗಿ ಟ್ರಿಮ್ ಮಾಡಿ, ಅಂದರೆ ಸಮತೋಲಕ್ಕೆ ಹೊಂದಿಸಿ, ಕೈ ಬಿಟ್ಟರೆ ಒಂದಷ್ಟು ಹೊತ್ತು ತನ್ನ ಪಾಡಿಗೆ ತಾನು ಹೋಗುತ್ತದೆ. ಚೇತಕ್‌ನಂಥ ಹಗುರ ಹೆಲಿಕಾಪ್ಟರ್ ನೆಲದಿಂದ ಹತ್ತಡಿ ಮೇಲೆ ನಿಂತಿರುವಾಗ ಕೈ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಓಲಾಡಿ ಹತೋಟಿ ತಪ್ಪುತ್ತದೆ. ಪೈಲಟ್‌ನ ಎಡಗೈಯಲ್ಲಿ ಕಲೆಕ್ಟಿವ್ ಎಂಬ ಸನ್ನೆಕೋಲು. ಎತ್ತಿದರೆ ಮೇಲೆ, ಇಳಿಸಿದರೆ ಕೆಳಗೆ. ಬಲಗೈಯಲ್ಲಿ ಸೈಕ್ಲಿಕ್ ಎಂಬ ಕೋಲು, ಅದನ್ನು ಯಾವ ಕಡೆ ವಾಲಿಸಿದರೆ ಆ ಕಡೆಗೆ ಯಂತ್ರ ವಾಲುತ್ತದೆ. ಕಾಲಲ್ಲಿ ಎರಡು ಪೆಡಲ್, ಮೂತಿ ತಿರುಗಿಸಲು. ಕೇಳಲು ಸುಲಭ. ಆದರೆ ಮೂರೂ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಕಲೆಕ್ಟಿವ್ ಎತ್ತಿದರೆ ಮೂತಿ ತಿರುಗುತ್ತದೆ, ಅದನ್ನು ತಡೆಯಲು ಪೆಡಲ್ ಒತ್ತಬೇಕು. ಪೆಡಲ್ ಒತ್ತಿದರೆ ಬಾಲದ ರೋಟರ್, ಅಂದರೆ ಬಾಲದಲ್ಲಿ ತಿರುಗುವ ರೆಕ್ಕೆ, ಇಡೀ ಯಂತ್ರವನ್ನು ಪಕ್ಕಕ್ಕೆ ತಳ್ಳುತ್ತದೆ, ಸೈಕ್ಲಿಕ್ ಸರಿಸಬೇಕು. ಸೈಕ್ಲಿಕ್ ಸರಿಸಿದರೆ ಚೂರು ಎತ್ತರ ಕಳೆಯುತ್ತದೆ, ಮತ್ತೆ ಕಲೆಕ್ಟಿವ್. ಒಂದೇ ಜಾಗದಲ್ಲಿ ಅಲ್ಲಾಡದೆ ನಿಂತ ಹೆಲಿಕಾಪ್ಟರನ್ನು ಕೆಳಗಿನಿಂದ ನೋಡಿದವರಿಗೆ ಪೈಲಟ್ ಸುಮ್ಮನೆ ಕೂತಿದ್ದಾನೆ ಅನ್ನಿಸುತ್ತದೆ. ಅವನ ಎರಡು ಕೈ, ಎರಡು ಕಾಲು ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

ಇದನ್ನು ಕಲಿಸುವುದು ಹೇಗೆ? ಮೊದಲ ಪಾಠದಲ್ಲಿ ಮೇಷ್ಟ್ರು ಎರಡು ಹಿಡಿತ ತಾವೇ ಇಟ್ಟುಕೊಂಡು ಒಂದನ್ನು ಮಾತ್ರ ಶಿಷ್ಯನಿಗೆ ಕೊಡುತ್ತಾರೆ. ಪೆಡಲ್ ಕೊಟ್ಟು, ಅಗೋ ಆ ಮರದ ಕಡೆಗೇ ಮೂತಿ ಇಟ್ಟುಕೋ ಅನ್ನುತ್ತಾರೆ. ಅದು ಹದಕ್ಕೆ ಬಂದ ಮೇಲೆ ಕಲೆಕ್ಟಿವ್. ಕಡೆಗೆ ಸೈಕ್ಲಿಕ್, ಗೋಳು ಶುರುವಾಗುವುದೇ ಅಲ್ಲಿ. ಯಂತ್ರ ಎಡಕ್ಕೆ ಸರಿಯಿತು ಅಂತ ಹುಡುಗ ಬಲಕ್ಕೆ ವಾಲಿಸುತ್ತಾನೆ. ಅದಕ್ಕೆ ಯಂತ್ರ ಓಗೊಡುವುದು ಚೂರು ತಡವಾಗಿ. ಅಷ್ಟರಲ್ಲಿ ಇವನು ಸಾಲದು ಅಂತ ಇನ್ನೂ ವಾಲಿಸಿರುತ್ತಾನೆ. ಸ್ನಾನದ ಮನೆಯಲ್ಲಿ ಗೀಸರ್ ನೀರು ತಣ್ಣಗಿದೆ ಅಂತ ನಲ್ಲಿ ತಿರುಗಿಸುತ್ತಾ ಹೋಗಿ, ಕಡೆಗೆ ಕುದಿನೀರು ಮೈಮೇಲೆ ಬಂದಾಗ ಗಾಬರಿಯಿಂದ ಹಿಂದಕ್ಕೆ ತಿರುಗಿಸುತ್ತೇವಲ್ಲ, ಹಾಗೆ. ಓಲಾಟ ದೊಡ್ಡದಾಗುತ್ತಾ ಹೋಗುತ್ತದೆ. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿರುತ್ತಾನೆ. ಆಗ ಮೇಷ್ಟ್ರು ಹೇಳುವುದು ಎರಡೇ ಮಾತು: ಮುಂಗೈಯನ್ನು ತೊಡೆಯ ಮೇಲಿಟ್ಟು ಬೆರಳ ತುದಿಯಲ್ಲಿ ಹಿಡಿ, ಕಣ್ಣು ಹತ್ತಿರದ ಹುಲ್ಲಿನ ಮೇಲೆ ಬೇಡ, ದೂರಕ್ಕೆ ನೋಡು.

ಇಷ್ಟೂ ಹೊತ್ತು ಮೇಷ್ಟ್ರ ಕೈ ಎಲ್ಲಿರುತ್ತದೆ? ಹಿಡಿತಗಳಿಗೆ ಒಂದು ಅಂಗುಲ ದೂರದಲ್ಲಿ. ಮುಟ್ಟಿರುವುದಿಲ್ಲ. ಮುಟ್ಟಿದರೆ ಶಿಷ್ಯನಿಗೆ ಗೊತ್ತಾಗಿಬಿಡುತ್ತದೆ, ಕಲಿಯುವುದನ್ನು ಬಿಟ್ಟು ಒರಗಿಕೊಳ್ಳುತ್ತಾನೆ. ತೀರ ದೂರ ಇಟ್ಟರೆ ಬೇಕಾದಾಗ ಕೈ ತಲುಪುವುದಿಲ್ಲ. ಬೇಗ ಕಸಿದುಕೊಂಡರೆ ಹುಡುಗ ತನ್ನ ತಪ್ಪನ್ನು ತಾನೇ ತಿದ್ದುವುದನ್ನು ಎಂದೂ ಕಲಿಯುವುದಿಲ್ಲ, ತಡ ಮಾಡಿದರೆ ಇಬ್ಬರೂ ಉಳಿಯುವುದಿಲ್ಲ. ಈ ಎರಡರ ನಡುವಿನ ಕಿರಿದಾದ ಜಾಗದಲ್ಲಿ ನಿಮ್ಮ ನೆರೆಯವರು ತಮ್ಮ ವೃತ್ತಿಜೀವನ ಕಳೆದಿದ್ದಾರೆ. ಕೈ ಹಾಕಬೇಕಾದ ಘಳಿಗೆ ಬಂದಾಗ ಕೂಗಾಟ ಇಲ್ಲ. “ಐ ಹ್ಯಾವ್ ಕಂಟ್ರೋಲ್” ಅನ್ನುತ್ತಾರೆ, ಶಿಷ್ಯ “ಯು ಹ್ಯಾವ್ ಕಂಟ್ರೋಲ್, ಸರ್” ಅಂದು ಕೈ ತೆಗೆಯುತ್ತಾನೆ. ಯಂತ್ರವನ್ನು ನಿಲ್ಲಿಸಿ, ಅದೇ ದನಿಯಲ್ಲಿ ಮತ್ತೆ ಅವನ ಕೈಗೇ ಕೊಡುತ್ತಾರೆ. ಹೀಗೆ ಮತ್ತೆ ಕೊಡುವುದೇ ಎಲ್ಲಕ್ಕಿಂತ ಕಷ್ಟ.

ಆಟೊರೊಟೇಶನ್, ಅಂದರೆ ಎಂಜಿನ್ ಇಲ್ಲದೆ ಇಳಿಸುವ ಪಾಠದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂದು ಜನ ನಂಬಿದ್ದಾರೆ. ಬೀಳುವುದಿಲ್ಲ. ಎಂಜಿನ್ ಸದ್ದು ನಿಂತ ತಕ್ಷಣ, ಒಂದೆರಡು ಸೆಕೆಂಡಿನೊಳಗೆ, ಕಲೆಕ್ಟಿವ್ ಪೂರಾ ಕೆಳಗೆ ಇಳಿಸಬೇಕು. ಆಗ ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ತಲೆಯ ಮೇಲಿನ ರೋಟರನ್ನು ತಿರುಗಿಸುತ್ತಾ ಇರುತ್ತದೆ. ಸಾವಿರ ಅಡಿಯಿಂದ ನೆಲಕ್ಕೆ ಬರಲು ಅರ್ಧ ನಿಮಿಷ ಸಿಗುತ್ತದೆ ಅಂದುಕೊಳ್ಳಿ. ಅಷ್ಟರೊಳಗೆ ಗಾಳಿಯ ದಿಕ್ಕು ನೋಡಬೇಕು, ಇಳಿಯುವ ಜಾಗ ಹುಡುಕಬೇಕು, ವೇಗ ಕಾಯಬೇಕು, ರೋಟರ್‌ನ ಸುತ್ತು ಮೀಟರಿನ ಹಸಿರು ಪಟ್ಟಿಯ ಒಳಗೇ ಇರುವಂತೆ ನೋಡಿಕೊಳ್ಳಬೇಕು. ನೆಲ ಹತ್ತಿರ ಬಂದಾಗ ಮೂತಿ ಎತ್ತಿ ವೇಗ ಕೊಲ್ಲಬೇಕು, ಆಮೇಲೆ ಮಟ್ಟಸ ಮಾಡಿ, ರೋಟರ್‌ನಲ್ಲಿ ಉಳಿದಿರುವ ಶಕ್ತಿಯನ್ನೆಲ್ಲ ಕಲೆಕ್ಟಿವ್ ಎತ್ತಿ ಒಂದೇ ಸಲಕ್ಕೆ ಖರ್ಚು ಮಾಡಿ ಮೆತ್ತಗೆ ಇಳಿಸಬೇಕು. ಬೇಗ ಎತ್ತಿದರೆ ಶಕ್ತಿ ಮೇಲೆಯೇ ತೀರಿಹೋಗುತ್ತದೆ, ತಡವಾಗಿ ಎತ್ತಿದರೆ ನೆಲ ಬಡಿಯುತ್ತದೆ. ಎರಡನೇ ಅವಕಾಶ ಇಲ್ಲ.

ಇದು ಎಷ್ಟು ದೂರ ಕೈ ಹಿಡಿಯುತ್ತದೆ ಅನ್ನುವುದಕ್ಕೆ ಒಂದು ದಾಖಲೆಯಿದೆ. 1972ರ ಜೂನ್ 21ರಂದು ಫ್ರಾನ್ಸಿನ ಟೆಸ್ಟ್ ಪೈಲಟ್ ಜೀನ್ ಬುಲೇ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅಷ್ಟೆತ್ತರದಿಂದ ನೆಲದವರೆಗೂ ಅವರು ಬಂದದ್ದು ಆಟೊರೊಟೇಶನ್‌ನಲ್ಲೇ, ಕ್ಷೇಮವಾಗಿ ಇಳಿದರು. ಅದೇ ಲಾಮಾ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಲೈಸೆನ್ಸ್ ಪಡೆದು ತಯಾರಾಗಿ ‘ಚೀತಾ’ ಆಯಿತು. 1984ರ ಏಪ್ರಿಲ್‌ನಲ್ಲಿ ಆಪರೇಷನ್ ಮೇಘದೂತ್ ಎಂಬ ಸೇನಾ ಕಾರ್ಯಾಚರಣೆ ಶುರುವಾದಾಗಿನಿಂದ ಸಿಯಾಚಿನ್‌ನ ಎತ್ತರದ ಠಾಣೆಗಳಿಗೆ ಸೀಮೆಎಣ್ಣೆ, ಔಷಧಿ, ಊಟ ಹೊತ್ತು, ಕಾಯಿಲೆ ಬಿದ್ದ ಜವಾನರನ್ನು ಇಳಿಸಿಕೊಂಡು ಬರುತ್ತಿರುವುದು ಇದೇ ಯಂತ್ರ. ಅಲ್ಲಿನ ಗಾಳಿ ಎಷ್ಟು ತೆಳುವೆಂದರೆ ಒಂದು ಸಲಕ್ಕೆ ಒಯ್ಯುವ ಭಾರವನ್ನು ಕಿಲೋ ಲೆಕ್ಕದಲ್ಲಿ ತೂಗಿ ನೋಡುತ್ತಾರೆ.

ನಿಮ್ಮ ವಿಂಗ್ ಕಮಾಂಡರ್ “ಯುದ್ಧ ಮಾಡಿಲ್ಲ” ಅಂದರಲ್ಲ. ಆ ಮಂಜಿನ ಮೇಲೆ ಇಳಿದ ಹುಡುಗರಿಗೆ ನೆಲದಿಂದ ಹತ್ತಡಿ ಮೇಲೆ ನಿಲ್ಲುವುದನ್ನು ಯಾರೋ ಒಬ್ಬ ಮೇಷ್ಟ್ರು ಕಲಿಸಿದ್ದಾರೆ. ಆ ಹುಡುಗರಿಗೆ ಸಿಗುವ ಪದಕ ಆ ಮೇಷ್ಟ್ರ ಎದೆಯ ಮೇಲೆ ಇರುವುದಿಲ್ಲ. ಎಂಜಿನ್ ಕೆಟ್ಟರೂ ಶಿಷ್ಯ ಸವಾರರನ್ನೆಲ್ಲ ಉಳಿಸಿ ಇಳಿದರೆ ಅದು ಪತ್ರಿಕೆಯಲ್ಲಿ ಬರುವುದೂ ಅಪರೂಪ. ನೀವು ಭಾಷಣದಲ್ಲಿ ಹೇಳಬೇಕಾದದ್ದು ಇದನ್ನು. ಇನ್‌ಸ್ಟ್ರಕ್ಟರ್ ಮಾಡಿದ ಕೆಲಸ ಕಾಣುವುದು ಅವರ ಶಿಷ್ಯರು ಮನೆಗೆ ವಾಪಸು ಬಂದ ದಿನಗಳಲ್ಲಿ.

ಆ ಸೀಟಿಗೆ ಬರುವುದೂ ಸುಲಭವಲ್ಲ. ಹೆಲಿಕಾಪ್ಟರ್ ಪೈಲಟ್‌ಗಳು ಮೊದಲು ಹೈದರಾಬಾದ್ ಹತ್ತಿರದ ಹಕೀಂಪೇಟೆಯ ಹೆಲಿಕಾಪ್ಟರ್ ತರಬೇತಿ ಶಾಲೆಯಲ್ಲಿ ಕಲಿಯುತ್ತಾರೆ. ಆಮೇಲೆ ವರ್ಷಗಟ್ಟಲೆ ಗಡಿ, ಮರುಭೂಮಿ, ಈಶಾನ್ಯದ ಕಣಿವೆ ಅಂತ ಹಾರಾಟ. ಅದರಲ್ಲಿ ಆಯ್ದ ಕೆಲವರು ಚೆನ್ನೈ ಪಕ್ಕದ ತಾಂಬರಂನಲ್ಲಿರುವ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲ್‌ಗೆ ಹೋಗುತ್ತಾರೆ. 1948ರಲ್ಲಿ ಅಂಬಾಲದಲ್ಲಿ ಶುರುವಾಗಿ 1954ರಲ್ಲಿ ತಾಂಬರಂಗೆ ಬಂದ ಶಾಲೆ ಅದು. ಭೂಸೇನೆ, ನೌಕಾಪಡೆ, ಕೋಸ್ಟ್ ಗಾರ್ಡ್‌ನವರೂ ಅಲ್ಲಿಗೆ ಬರುತ್ತಾರೆ. ಚೆನ್ನಾಗಿ ಹಾರಿಸುವವರೇ ಅಲ್ಲಿ ತಡವರಿಸುತ್ತಾರೆ. ಕಾರಣ, ತಮಗೆ ರೂಢಿಯಾದ ಸೀಟು ಬಿಟ್ಟು ಪಕ್ಕದ ಸೀಟಿನಿಂದ ಹಾರಿಸಬೇಕು. ಅದರ ಜೊತೆಗೆ ಕೈ ಮಾಡುತ್ತಿರುವುದನ್ನು ಬಾಯಿ ಅದೇ ಕ್ಷಣ ಹೇಳಬೇಕು. ಅದಕ್ಕೆ ನಮ್ಮಲ್ಲಿ ‘ಪ್ಯಾಟರ್’ ಅನ್ನುತ್ತಾರೆ. ಮಾತು ಮುಂದಾದರೆ ಶಿಷ್ಯನಿಗೆ ಅರ್ಥವಾಗುವುದಿಲ್ಲ, ಹಿಂದಾದರೆ ಗೊಂದಲ. ಇಬ್ಬರು ಭಾವಿ ಮೇಷ್ಟ್ರುಗಳು ಜೊತೆಯಾಗಿ ಹಾರುತ್ತಾರೆ, ಒಬ್ಬರು ಪಾಠ ಹೇಳಿದರೆ ಇನ್ನೊಬ್ಬರು ಬೇಕೆಂದೇ ಹೊಸ ಶಿಷ್ಯನಂತೆ ಎಡವುತ್ತಾರೆ. ರಾತ್ರಿ ಮೆಸ್‌ನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಕೈಯಲ್ಲಿ ಏನೂ ಇಲ್ಲದೆ, ಗೋಡೆಗೆ ಪಾಠ ಹೇಳುವವರನ್ನು ಅಲ್ಲಿ ಎಲ್ಲ ಕೋರ್ಸಿನಲ್ಲೂ ಕಾಣಬಹುದು.

ಹಾರಿ ಇಳಿದ ಮೇಲಿನ ಡಿಬ್ರೀಫಿಂಗ್, ಅಂದರೆ ತಪ್ಪು ಒಪ್ಪುಗಳ ಮಾತುಕತೆಯ ಬಗ್ಗೆಯೂ ಒಂದು ಮಾತು. ನನ್ನ ಪ್ರಕಾರ ಒಳ್ಳೆಯ ಮೇಷ್ಟ್ರು ಯಾರು, ಬರೀ ಪೈಲಟ್ ಯಾರು ಎಂಬುದು ತಿಳಿಯುವುದು ಅಲ್ಲೇ. ಹುಡುಗ ಹನ್ನೆರಡು ತಪ್ಪು ಮಾಡಿರುತ್ತಾನೆ. ಹನ್ನೆರಡನ್ನೂ ಹೇಳಿದರೆ ಒಂದೂ ತಲೆಗೆ ಹೋಗುವುದಿಲ್ಲ. ಉಳಿದವು ಯಾವುದರಿಂದ ಹುಟ್ಟಿದವೋ ಆ ಒಂದನ್ನು ಹುಡುಕಿ, ಅದನ್ನು ಅವನ ಬಾಯಿಂದಲೇ ಬರಿಸಬೇಕು. “ಆಗ ನೀನು ಎಲ್ಲಿ ನೋಡ್ತಿದ್ದೆ?” ಎಂಬ ಒಂದೇ ಪ್ರಶ್ನೆ ಎಷ್ಟೋ ಸಲ ಸಾಕಾಗುತ್ತದೆ.

ಈಗ ನಿಮ್ಮ ಕೆರೆ ದಂಡೆಗೆ ಬನ್ನಿ. ಬೆಂಗಳೂರಿನಲ್ಲಿ ನಿವೃತ್ತ ಸೇನಾಧಿಕಾರಿಗಳು ಇರುವ ಬಡಾವಣೆಗಳು ಬೇಕಾದಷ್ಟಿವೆ. ಎಚ್‌ಎಎಲ್, ಜಾಲಹಳ್ಳಿ, ಯಲಹಂಕದ ವಾಯುನೆಲೆಗಳು, ಹಳೆ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಆಸ್ಪತ್ರೆ, ಹವೆ, ಎಲ್ಲ ಸೇರಿ ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸಿ ಸುಸ್ತಾದ ಕುಟುಂಬಗಳು ಕಡೆಗೆ ಇಲ್ಲೇ ಮನೆ ಕಟ್ಟುತ್ತವೆ. ಇವರಲ್ಲಿ ಕೆಲವರು ಸಂಘದ ಸಭೆಗೂ ಪೆರೇಡ್ ಮೈದಾನದ ಗಂಟಲನ್ನೇ ತರುತ್ತಾರೆ. ಜನ ಒಂದೆರಡು ಭಾನುವಾರ ಹೆದರಿ ಬರುತ್ತಾರೆ, ಆಮೇಲೆ ಮನೆಯಲ್ಲಿ ನೆಂಟರು ಬಂದಿದ್ದಾರೆ ಅನ್ನುತ್ತಾರೆ. ಸೇನೆಯಲ್ಲಿ ಆಜ್ಞೆ ನಡೆಯುವುದು ಅದರ ಹಿಂದೆ ಕಾನೂನು, ಸಂಬಳ, ತರಬೇತಿ ಎಲ್ಲ ಇರುವುದರಿಂದ. ಕೆರೆ ದಂಡೆಯ ಮೇಲೆ ಅದ್ಯಾವುದೂ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಮೇಷ್ಟ್ರುತನ.

ಹಾಗಾಗಿ ಅಧ್ಯಕ್ಷರಾಗಿ ಅಂತ ಅವರನ್ನು ಒತ್ತಾಯಿಸಬೇಡಿ. ಪಾಲಿಕೆಯ ಎಂಜಿನಿಯರ್ ಜೊತೆ ಮಾತಾಡುವುದು, ಒಳಹರಿವಿನ ಕಾಲುವೆಯ ಫೋಟೊ ತೆಗೆದು ಅರ್ಜಿ ಬರೆಯುವುದು, ಕಸ ತೆಗೆಯಲು ಬಂದವರಿಗೆ ಕೈಗವಸು ಹಂಚುವುದು, ಇದನ್ನೆಲ್ಲ ಹುಡುಗರ ಕೈಗೆ ಕೊಟ್ಟು ಅವರು ಪಕ್ಕದಲ್ಲಿ ನಿಂತಿರುವಾಗ ಒಮ್ಮೆ ಅವರ ಕಣ್ಣು ನೋಡಿ. ಎಲ್ಲವನ್ನೂ ಗಮನಿಸುತ್ತಿರುತ್ತಾರೆ. ಯಾರಾದರೂ ನೀರಿಗೆ ಜಾರುವ ಜಾಗಕ್ಕೆ ಹೋದರೆ ಎಲ್ಲರಿಗಿಂತ ಮೊದಲು ಅಲ್ಲಿರುವುದು ಅವರೇ. ಅರ್ಜಿಯಲ್ಲಿ ಸರ್ವೆ ನಂಬರ್ ತಪ್ಪಿದ್ದರೆ ಅವರಿಗೆ ಗೊತ್ತಾಗಿರುತ್ತದೆ, ಆದರೆ ಹುಡುಗರೇ ಕಂಡುಹಿಡಿಯಲಿ ಅಂತ ಅರ್ಜಿ ಹೊರಡುವ ಹಿಂದಿನ ಸಂಜೆಯವರೆಗೂ ಕಾಯುತ್ತಾರೆ. ನಿಮ್ಮ ಪಕ್ಕದ ಜಕ್ಕೂರು ಕೆರೆಯನ್ನೇ ನೋಡಿ. ಶುದ್ಧೀಕರಣ ಘಟಕದ ನೀರು ಜೌಗು ಹಾಸಿನ ಮೂಲಕ ಹಾದು ಕೆರೆ ಸೇರುವ ವ್ಯವಸ್ಥೆ ಅಲ್ಲಿದೆ. ಆದರೂ ಸುತ್ತಲಿನ ಜನ ವರ್ಷಗಟ್ಟಲೆ ಕಾವಲು ಕಾಯ್ದರೆ ಮಾತ್ರ ಅಂಥದ್ದು ಉಳಿಯುತ್ತದೆ. ಒಬ್ಬ ಅಧ್ಯಕ್ಷರ ಉತ್ಸಾಹದ ಮೇಲೆ ನಿಂತ ಗುಂಪು ಅವರಿಗೆ ಮಂಡಿನೋವು ಬಂದ ವರ್ಷವೇ ಕರಗುತ್ತದೆ. ನಿಮ್ಮ ನೆರೆಯವರಿಗೆ ಇದು ತಿಳಿದಿದೆ ಎಂದೇ ನನ್ನ ನಂಬಿಕೆ.

ಪಿಂಚಣಿ ಕಾಗದದ ವಿಷಯವನ್ನು ಸಣ್ಣದೆಂದು ಭಾವಿಸಬೇಡಿ. ನನ್ನ ಕಣ್ಣಲ್ಲಿ ಅವರು ಮಾಡುತ್ತಿರುವ ಕೆಲಸಗಳಲ್ಲೆಲ್ಲ ದೊಡ್ಡದು ಅದೇ. ರಕ್ಷಣಾ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂದು ದೃಢಪಡಿಸಬೇಕು. ಹವಾಲ್ದಾರರಾಗಿ ನಿವೃತ್ತರಾದವರು ತೀರಿಕೊಂಡರೆ, ಹಳ್ಳಿಯಲ್ಲಿರುವ ಅವರ ಹೆಂಡತಿಯ ಹೆಸರು ಸೇನಾ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಒಂದು ರೀತಿ, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ರೀತಿ ಇರುವುದು ತೀರ ಸಾಮಾನ್ಯ. ಲಕ್ಷ್ಮಮ್ಮ ಒಂದು ಕಡೆ ಲಕ್ಷ್ಮೀದೇವಿ ಆಗಿರುತ್ತಾರೆ. ಕುಟುಂಬ ಪಿಂಚಣಿಗೆ ಅಷ್ಟು ಸಾಕು ತಡೆಯಾಗಲು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗುವ ಮೊದಲು ಯಾವ ಕಾಗದ ಬೇಕು, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಎಲ್ಲಿದೆ, ಅಫಿಡವಿಟ್ ಯಾವುದಕ್ಕೆ, ಮಾಜಿ ಸೈನಿಕರ ಇಸಿಎಚ್‌ಎಸ್ ಆರೋಗ್ಯ ಕಾರ್ಡಿಗೆ ಏನು ಮಾಡಬೇಕು ಎಂದು ತಾಳ್ಮೆಯಿಂದ ಕೂರಿಸಿ ಹೇಳುವವರು ಬೇಕು. “ಏನಪ್ಪಾ, ಇದ್ರಲ್ಲಿ ಎಲ್ಲಿ ಹೆಬ್ಬೆಟ್ಟು ಒತ್ಲಿ?” ಎಂದು ಕೇಳುವ ಅಜ್ಜಿಗೆ, ಒತ್ತುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳುವವರನ್ನು ನಾನು ತುಂಬ ಗೌರವಿಸುತ್ತೇನೆ.

ಅವರಿಂದ ನಿಮ್ಮ ಬಡಾವಣೆ ಕಲಿಯಬಹುದಾದ ಇನ್ನೊಂದು ವಿದ್ಯೆಯಿದೆ, ಧ್ವಜ ದಿನಕ್ಕೆ ಅದನ್ನೇ ಕಾರ್ಯಕ್ರಮ ಮಾಡಿ ಎಂದು ಒತ್ತಿ ಹೇಳುತ್ತೇನೆ. 2019ರ ಆಗಸ್ಟ್ ಪ್ರವಾಹದಲ್ಲಿ ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಕರೆತರಲು ದೋಣಿಗಳ ಜೊತೆಗೆ ಹೆಲಿಕಾಪ್ಟರ್ ಬಂತು. ಅದೇ ವರ್ಷ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಹೊತ್ತಿಕೊಂಡಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ತೂಗುಹಾಕಿಕೊಂಡು ನೀರು ಸುರಿದವು. ಇಂಥ ಹೊತ್ತಿನಲ್ಲಿ ನೆಲದ ಮೇಲಿರುವವರು ಹೇಗೆ ನಡೆದುಕೊಳ್ಳಬೇಕು ಎಂಬುದು ನಮ್ಮಲ್ಲಿ ಬಹುತೇಕ ಯಾರಿಗೂ ಗೊತ್ತಿಲ್ಲ. ಹೆಲಿಕಾಪ್ಟರ್ ಇಳಿಯುವ ಜಾಗದ ಸುತ್ತ ತಗಡು, ಟಾರ್ಪಾಲು, ಪ್ಲಾಸ್ಟಿಕ್ ಕುರ್ಚಿ ಏನೂ ಬಿಡಿಬಿಡಿಯಾಗಿ ಇರಕೂಡದು, ರೋಟರ್ ಗಾಳಿಗೆ ಎದ್ದು ಬ್ಲೇಡಿಗೆ ಬಡಿದರೆ ಮುಗಿಯಿತು. ಕೋಲಿಗೆ ಬಟ್ಟೆ ಕಟ್ಟಿದರೆ ಪೈಲಟ್‌ಗೆ ಗಾಳಿಯ ದಿಕ್ಕು ತಿಳಿಯುತ್ತದೆ. ಇಳಿದ ತಕ್ಷಣ ಓಡಿಹೋಗಬಾರದು, ಸಿಬ್ಬಂದಿ ಕೈಸನ್ನೆ ಮಾಡುವವರೆಗೂ ಕಾಯಬೇಕು. ಪೈಲಟ್‌ಗೆ ಕಾಣುವಂತೆ ಮುಂದಿನಿಂದಲೇ ಬಗ್ಗಿಕೊಂಡು ಹೋಗಬೇಕು. ಬಾಲದ ಕಡೆ ಎಂದೆಂದಿಗೂ ಬೇಡ, ತಿರುಗುತ್ತಿರುವ ಬಾಲದ ರೋಟರ್ ಕಣ್ಣಿಗೆ ಕಾಣುವುದೇ ಇಲ್ಲ. ಇಳಿಜಾರಿನಲ್ಲಿ ಇಳಿದಿದ್ದರೆ ಮೇಲಿನ ಕಡೆಯಿಂದ ಇಳಿದು ಬರಬಾರದು, ಆ ಕಡೆ ಬ್ಲೇಡು ನೆಲಕ್ಕೆ ಹತ್ತಿರ ಇರುತ್ತದೆ. ಛತ್ರಿ, ಉದ್ದ ಕೋಲು ಹೆಗಲ ಮೇಲೆ ಬೇಡ. ಇದನ್ನು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸಬಹುದು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇರಲಿ, ಅದು ನಮ್ಮ ಪದ್ಧತಿ. ಆದರೆ ಅವರನ್ನು ವೇದಿಕೆಯ ಮೇಲೆ ಎರಡು ಗಂಟೆ ಕೂರಿಸುವುದಕ್ಕಿಂತ ಅರ್ಧ ಗಂಟೆ ಪಾಠ ಮಾಡಲು ಬಿಟ್ಟರೆ ಅವರಿಗೆ ನಿಜವಾಗಿ ಸಂತೋಷವಾಗುತ್ತದೆ.

ವ್ಯವಸ್ಥೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹೆಲಿಕಾಪ್ಟರ್‌ನಲ್ಲಿ ವರ್ಷಗಟ್ಟಲೆ ಕೂತವರಿಗೆ ನಡುಕದಿಂದ ಸೊಂಟನೋವು, ಸದ್ದಿನಿಂದ ಕಿವಿಮಂದ ಬರುವುದು ಹೆಚ್ಚು. ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿ, ಧ್ವನಿವರ್ಧಕದ ಪೆಟ್ಟಿಗೆಯನ್ನು ಅವರ ಪಕ್ಕದಿಂದ ದೂರ ಇಡಿ, ಮಾತಾಡಿಸುವಾಗ ಎದುರಿಗೆ ನಿಂತು ಮಾತಾಡಿಸಿ.

ಭಾಷಣದಲ್ಲಿ ಶತ್ರು, ರಕ್ತ, ಗುಂಡು ಬೇಡ. ಅವರು ಮಾಡದ್ದನ್ನು ಮಾಡಿದರು ಎಂದು ಹೊಗಳಿದರೆ ತಲೆ ತಗ್ಗಿಸಿ ಕೂರುತ್ತಾರೆ. ಮೊದಲೇ ಒಂದು ಸಂಜೆ ಅವರ ಮನೆಗೆ ಹೋಗಿ ಲಾಗ್‌ಬುಕ್ ತೋರಿಸಿ ಅಂತ ಕೇಳಿ. ಪ್ರತಿ ಹಾರಾಟದ ದಿನ, ಯಂತ್ರದ ನಂಬರ್, ಯಾವ ಪಾಠ, ಎಷ್ಟು ಹೊತ್ತು, ಜೊತೆಗೆ ಕೂತ ಶಿಷ್ಯನ ಹೆಸರು ಅದರಲ್ಲಿ ಇರುತ್ತದೆ. ಯಾವುದಾದರೂ ಒಂದು ಹೆಸರಿನ ಮೇಲೆ ಬೆರಳಿಟ್ಟು, ಇವರು ಈಗ ಎಲ್ಲಿದ್ದಾರೆ ಸರ್ ಎಂದು ಕೇಳಿ ನೋಡಿ. ತಮ್ಮ ಬಗ್ಗೆ ಒಂದು ಮಾತೂ ಆಡದವರು ಆ ಹುಡುಗನ ಬಗ್ಗೆ ಕಾಫಿ ಆರುವವರೆಗೂ ಹೇಳುತ್ತಾರೆ. ಅಲ್ಲಿ ಕೆಲವು ಹೆಸರುಗಳ ಹತ್ತಿರ ಅವರು ಸುಮ್ಮನಾಗಲೂಬಹುದು, ಆಗ ಕೆದಕಬೇಡಿ. 2013ರ ಜೂನ್ 25ರಂದು ಉತ್ತರಾಖಂಡದ ಗೌರಿಕುಂಡ್ ಹತ್ತಿರ ಪ್ರವಾಹ ಪರಿಹಾರಕ್ಕೆ ಹೋಗಿದ್ದ ಎಂಐ-17 ಅಪಘಾತದಲ್ಲಿ 20 ಮಂದಿ ತೀರಿಕೊಂಡರು. ಹೆಲಿಕಾಪ್ಟರ್ ಜಗತ್ತು ಚಿಕ್ಕದು, ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುವವರೇ.

ನಿಮ್ಮ ಊರಿಗೂ ಈ ಕಸುಬಿಗೂ ಇರುವ ನಂಟನ್ನು ಭಾಷಣದಲ್ಲಿ ಸೇರಿಸಿ. ಎಂಐ-8 ಹೆಲಿಕಾಪ್ಟರ್ 45 ವರ್ಷ ದುಡಿದು 2017ರ ಡಿಸೆಂಬರ್ 17ರಂದು ಕಡೆಯ ಸಲ ಹಾರಿ ನಿವೃತ್ತವಾದದ್ದು ಯಲಹಂಕ ವಾಯುನೆಲೆಯಲ್ಲಿ. ಅಲ್ಲಿನ 112 ಹೆಲಿಕಾಪ್ಟರ್ ಯೂನಿಟ್‌ನಲ್ಲಿ ಎಷ್ಟೋ ತಲೆಮಾರಿನ ಪೈಲಟ್‌ಗಳು ಕಲಿತಿದ್ದಾರೆ. ನಮ್ಮದೇ ವಿನ್ಯಾಸದ ಧ್ರುವ್ ಹೆಲಿಕಾಪ್ಟರ್ 1992ರ ಆಗಸ್ಟ್ 20ರಂದು ಮೊದಲು ಗಾಳಿಗೇರಿದ್ದು ಬೆಂಗಳೂರಿನಲ್ಲಿ. ಏರೋ ಇಂಡಿಯಾದಲ್ಲಿ ನಿಮ್ಮ ಮನೆ ಮಹಡಿಯಿಂದ ಕಾಣುವ, ವಾಯುಪಡೆಯ ಹೆಲಿಕಾಪ್ಟರ್ ಪ್ರದರ್ಶನದ ಸಾರಂಗ್ ತಂಡ ಹಾರಿಸುವುದು ಅದನ್ನೇ, ಆ ತಂಡ ಕಟ್ಟಿದ್ದೂ 2003ರಲ್ಲಿ ಇಲ್ಲೇ.

ಇನ್ನು ನಿಮ್ಮ ಮಗಳು. ಅವಳ ಬಳಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ದಾರಿ ತೆರೆದೇ ಇದೆ. ಪಿಯುಸಿ ಮುಗಿಸಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆಯಬಹುದು, 2022ರಿಂದ ಅಲ್ಲಿ ಹುಡುಗಿಯರೂ ಕಲಿಯುತ್ತಿದ್ದಾರೆ. ಅದು ಬೇಡವಾದರೆ ಪದವಿ ಮುಗಿಸಿ ವಾಯುಪಡೆಯ ಎಎಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಡಿಗ್ರಿ ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಸೇರಿ ‘ಸಿ’ ಸರ್ಟಿಫಿಕೇಟ್ ಪಡೆದರೆ ಪ್ರತ್ಯೇಕ ಪ್ರವೇಶವೂ ಉಂಟು. ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಬೇಕು, ಕಾಲಿನ ಉದ್ದಕ್ಕೂ ಲೆಕ್ಕವಿದೆ, ಪೆಡಲ್ ತಲುಪಬೇಕಲ್ಲ. ಕನ್ನಡಕದ ವಿಷಯವನ್ನು ಈಗಲೇ ಕಣ್ಣಿನ ವೈದ್ಯರಲ್ಲಿ ತೋರಿಸಿ, ವಾಯುಪಡೆಯ ನಿಯಮದ ಜೊತೆ ಹೋಲಿಸಿಕೊಳ್ಳಿ. ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ.

ಹುಡುಗಿಯರಿಗೆ ಆಗುತ್ತದೆಯೇ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಈ ಹೆಸರುಗಳನ್ನು ಹೇಳಿ. 2019ರ ಮೇ 27ರಂದು ಪಾರುಲ್ ಭಾರದ್ವಾಜ್, ಅಮನ್ ನಿಧಿ, ಹೀನಾ ಜೈಸ್ವಾಲ್ ಮೂವರೇ ಸೇರಿ ಎಂಐ-17 ಹಾರಿಸಿದರು. ವಾಯುಪಡೆಯಲ್ಲಿ ಪೂರ್ತಿ ಮಹಿಳೆಯರ ತಂಡ ಈ ಹೆಲಿಕಾಪ್ಟರ್ ಹಾರಿಸಿದ್ದು ಅದೇ ಮೊದಲು. ಅವರಲ್ಲಿ ಹೀನಾ, ವಾಯುಪಡೆಯ ಮೊದಲ ಮಹಿಳಾ ಫ್ಲೈಟ್ ಎಂಜಿನಿಯರ್, ತರಬೇತಿ ಪಡೆದದ್ದು ನಿಮ್ಮ ಯಲಹಂಕದ 112ನೇ ಯೂನಿಟ್‌ನಲ್ಲಿ. ಹೆಲಿಕಾಪ್ಟರ್ ಪೈಲಟ್ ಆಗಿ ಇನ್‌ಸ್ಟ್ರಕ್ಟರ್ ಅರ್ಹತೆಯನ್ನೂ ಪಡೆದ ಶಾಲಿಜಾ ಧಾಮಿ 2019ರಲ್ಲಿ ಫ್ಲೈಟ್ ಕಮಾಂಡರ್ ಆದರು, ಹಾರಾಟ ಘಟಕವೊಂದರಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ.

ಫೈಟರ್ ಸಿಗದೆ ಹೆಲಿಕಾಪ್ಟರ್ ಸಿಕ್ಕಿತು ಎಂದು ಕೊರಗುವ ಕೆಡೆಟ್‌ಗಳು ಇರುತ್ತಾರೆ. ನಿಮ್ಮ ಮಗಳು ಈಗಲೇ ಹೆಲಿಕಾಪ್ಟರ್ ಬೇಕು ಅನ್ನುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಪೈಲಟ್ ಆಯ್ಕೆಗೆ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪರೀಕ್ಷೆಯೊಂದಿದೆ, ಕೈ, ಕಾಲು, ಕಣ್ಣಿನ ಹೊಂದಾಣಿಕೆ ಅಳೆಯುವಂಥದ್ದು. ಅದರಲ್ಲಿ ಒಮ್ಮೆ ಅನುತ್ತೀರ್ಣಳಾದರೆ ಪೈಲಟ್ ಆಗಲು ಮತ್ತೆ ಅವಕಾಶ ಇಲ್ಲ. ಹಾಗಾಗಿ ಅದಕ್ಕೆ ಮುಂಚೆ ಸೂಚನೆಗಳನ್ನು ಪೂರ್ತಿ ಓದುವ ಅಭ್ಯಾಸ, ಹಿಂದಿನ ರಾತ್ರಿ ಒಳ್ಳೆಯ ನಿದ್ದೆ ಎರಡೂ ಇರಲಿ. ಉಳಿದದ್ದಕ್ಕೆ ಬರುವ ಭಾನುವಾರ ಅವಳನ್ನೂ ಕೆರೆ ಕೆಲಸಕ್ಕೆ ಕಳುಹಿಸಿ. ಯಾವ ಕೆಲಸ ಮಾಡಲಿ ಎಂದು ಅವಳೇ ಅವರನ್ನು ಕೇಳಲಿ.